ಕೆರಿಬಿಯನ್ ಟ್ರಿಪ್ಪಲ್ಲಿ ದುಡ್ಡಿನ ಲೆಕ್ಕ: ಕ್ಯಾಶ್ ಎಷ್ಟು, ಕಾರ್ಡ್ ಎಲ್ಲಿ, ಡಾಲರ್ ಯಾವ್ದು

ಕೆರಿಬಿಯನ್‌ಗೆ ಹೋಗೋರು ಬೀಚು, ಹೋಟ್ಲು, ಫ್ಲೈಟು ಎಲ್ಲ ತಿಂಗಳುಗಟ್ಲೆ ನೋಡ್ತಾರೆ, ದುಡ್ಡಿನ ವಿಷ್ಯಕ್ಕೆ ಬಂದ್ರೆ ಮಾತ್ರ "ಡಾಲರ್ ತಗೊಂಡ್ ಹೋದ್ರಾಯ್ತು ಬಿಡಿ" ಅಂತ ಮುಗಿಸಿಬಿಡ್ತಾರೆ. ಯಾವ ಡಾಲರ್ ಸ್ವಾಮಿ? ಅಲ್ಲಿ ಬಾರ್ಬಡೋಸ್‌ಗೆ ಒಂದು ಡಾಲರ್, ಜಮೈಕಾಗೆ ಒಂದು, ಬಹಾಮಾಸ್‌ಗೆ ಒಂದು, ಟ್ರಿನಿಡಾಡ್‌ಗೆ ಒಂದು, ಕೇಮನ್‌ಗೆ ಒಂದು, ಇದೆಲ್ಲ ಸಾಲ್ದು ಅಂತ ಎಂಟು ಪುಟಾಣಿ ದ್ವೀಪಗಳು ಸೇರ್ಕೊಂಡು ಬಳಸೋ ಈಸ್ಟ್ ಕೆರಿಬಿಯನ್ ಡಾಲರ್ ಅಂತ ಇನ್ನೊಂದು, ಜೊತೆಗೆ ಅಮೆರಿಕದ್ದು ಎಲ್ಲಾ ಕಡೆ ಓಡಾಡ್ತಿರತ್ತೆ. ಬೋರ್ಡ್ ಮೇಲೆ, ಮೆನು ಮೇಲೆ ಇರೋದು ಮಾತ್ರ ಅದೇ ಒಂದು ಡಾಲರ್ ಗುರುತು.

ಉದಾಹರಣೆಗೆ ಸೇಂಟ್ ಲೂಸಿಯಾದಲ್ಲಿ ಟ್ಯಾಕ್ಸಿಯವ್ನು "ಫಾರ್ಟಿ ಡಾಲರ್ಸ್" ಅಂದ ಅಂದ್ಕೊಳ್ಳಿ. ಅದು ಈಸ್ಟ್ ಕೆರಿಬಿಯನ್ ಡಾಲರ್ ಆದ್ರೆ ಅಮೆರಿಕದ 15 ಡಾಲರ್ ಒಳಗೇ ಮುಗೀತು, ಅಮೆರಿಕದ್ದೇ ಆದ್ರೆ 108 ಈಸ್ಟ್ ಕೆರಿಬಿಯನ್ ಡಾಲರ್ ಆಯ್ತು. ಇಳಿಯುವಾಗ ಜಗಳ ಆಡೋ ಬದ್ಲು ಹತ್ತೋಕ್ ಮುಂಚೇನೇ "ಯುಎಸ್ಸಾ, ಇಸಿನಾ?" ಅಂತ ಕೇಳಿಬಿಡಿ. ಅಲ್ಲಿಯೋರು ಈಸ್ಟ್ ಕೆರಿಬಿಯನ್ ಅನ್ನೋಕೆ ಇಸಿ ಅಂತಾನೇ ಅನ್ನೋದು, ಈ ಪ್ರಶ್ನೆಗೆ ಯಾರೂ ಬೇಜಾರ್ ಮಾಡ್ಕೊಳಲ್ಲ, ದಿನಾ ಕೇಳಿಸ್ಕೊಳ್ಳೋ ಪ್ರಶ್ನೆ ಅದು. ಇನ್ನೂ ಒಂದು ಕೇಳ್ಬೇಕು, ಆ ರೇಟು ತಲೆಗಾ ಇಲ್ಲಾ ಇಡೀ ಗಾಡಿಗಾ ಅಂತ, ಯಾಕಂದ್ರೆ ಸುಮಾರು ದ್ವೀಪಗಳಲ್ಲಿ ಟ್ಯಾಕ್ಸಿಗೆ ಮೀಟರ್ರೇ ಇರಲ್ಲ.

ಸರಿ, ಮೊದ್ಲು ನೀವು ಹೋಗ್ತಿರೋ ದ್ವೀಪದಲ್ಲಿ ಏನು ನಡಿಯತ್ತೆ ನೋಡ್ಕೊಳ್ಳಿ. ಆಂಟಿಗಾ, ಡೊಮಿನಿಕಾ, ಗ್ರೆನಡಾ, ಸೇಂಟ್ ಕಿಟ್ಸ್ ಮತ್ತು ನೆವಿಸ್, ಸೇಂಟ್ ಲೂಸಿಯಾ, ಸೇಂಟ್ ವಿನ್ಸೆಂಟ್, ಆಂಗ್ವಿಲಾ, ಮಾಂಟ್ಸೆರಾಟ್, ಈ ಎಂಟಕ್ಕೂ ಇಸಿ ಡಾಲರ್. ಒಂದು ಅಮೆರಿಕನ್ ಡಾಲರ್‌ಗೆ 2.70 ಇಸಿ, 1976ರಿಂದ ಅಲ್ಲಾಡಿಲ್ಲ. ಹಂಗಾಗಿ ರೇಟ್ ಯಾವಾಗ ಚೆನ್ನಾಗಿದೆ ಅಂತ ಕಾಯೋ ಕೆಲ್ಸಾನೇ ಇಲ್ಲ. ಅಂಗಡಿಯವ್ರು ಮಾತ್ರ ಲೆಕ್ಕಕ್ಕೆ ಸುಲಭ ಅಂತ 2.60ಕ್ಕೋ 2.50ಕ್ಕೋ ಹಿಡೀತಾರೆ. 2.50ಕ್ಕೆ ಹಿಡಿದ್ರೆ 100 ಇಸಿ ಬಿಲ್ಲಿಗೆ 40 ಯುಎಸ್ ಕೊಡ್ತೀರಿ, ನ್ಯಾಯವಾಗಿ ಅದು 37 ಆಗ್ಬೇಕು. ಒಂದ್ ಸಲಕ್ಕೆ ಪರ್ವಾಗಿಲ್ಲ, ವಾರವಿಡೀ ಊಟ ತಿಂಡಿಗೆಲ್ಲ ಹಿಂಗೇ ಕೊಟ್ರೆ ಒಂದು ಒಳ್ಳೆ ಡಿನ್ನರ್ ದುಡ್ಡು ಹೋದಂಗೆ.

ಬಾರ್ಬಡೋಸ್ ಲೆಕ್ಕ ಬಹಳ ಸುಲಭ, ಎರಡಕ್ಕೆ ಒಂದು, 1975ರಿಂದ ಹಂಗೇ ಇದೆ, ಬೆಲೆ ನೋಡಿ ಅರ್ಧ ಮಾಡಿ ಅಷ್ಟೇ. ಅಲ್ಲಿನ 5 ಡಾಲರ್ ನೋಟು ಸಿಕ್ಕಿದ್ರೆ ಸ್ವಲ್ಪ ತಿರುಗಿಸಿ ನೋಡಿ, ವೆಸ್ಟ್ ಇಂಡೀಸ್ ಕ್ರಿಕೆಟ್ ಕ್ಯಾಪ್ಟನ್ ಆಗಿದ್ದ ಫ್ರಾಂಕ್ ವೊರೆಲ್ ಇದ್ದಾರೆ. 1962ರಲ್ಲಿ ಅದೇ ಬಾರ್ಬಡೋಸಲ್ಲಿ ನಮ್ಮ ಇಂಡಿಯಾ ಕ್ಯಾಪ್ಟನ್ ನಾರಿ ಕಾಂಟ್ರಾಕ್ಟರ್ ತಲೆಗೆ ಬಾಲ್ ಬಿದ್ದಾಗ ರಕ್ತ ಕೊಟ್ಟೋರಲ್ಲಿ ಇವ್ರೂ ಒಬ್ರು. ಕ್ರಿಕೆಟ್ ಹುಚ್ಚಿರೋರು ಈ ನೋಟೊಂದನ್ನ ಖರ್ಚು ಮಾಡ್ದೆ ಇಟ್ಕೊಂಡ್ರೆ ನಾನೇನೂ ಬೇಡ ಅನ್ನಲ್ಲ.

ಬಹಾಮಾಸಲ್ಲಿ ಒಂದಕ್ಕೊಂದು, ಎರಡೂ ಡಾಲರ್ ಒಂದೇ ಗಲ್ಲಾಪೆಟ್ಟಿಗೇಲಿ ಬಿದ್ದಿರತ್ತೆ, ಚಿಲ್ರೆ ಎರಡೂ ಬೆರೆಸಿ ಕೊಡ್ತಾರೆ. ಅಲ್ಲಿ 3 ಡಾಲರ್ ನೋಟು ಅಂತ ಒಂದಿದೆ, ಕೈಗೆ ಬಂದ್ರೆ ಯಾರೋ ಟೋಪಿ ಹಾಕಿದ್ರು ಅಂದ್ಕೋಬೇಡಿ, ಅದು ಅಸಲೀನೇ. ಕೇಮನ್ ಮಾತ್ರ ಹುಷಾರು. ಅಲ್ಲಿನ ಡಾಲರ್ ಅಮೆರಿಕದ್ದಕ್ಕಿಂತ ದೊಡ್ಡದು, ಒಂದು ಕೇಮನ್ ಡಾಲರ್‌ಗೆ 1.20 ಯುಎಸ್, ಅಂಗಡಿಗಳಲ್ಲಿ ನಿಮ್ಮ ಒಂದು ಯುಎಸ್ ಡಾಲರ್‌ನ 80 ಸೆಂಟ್ ಅಂತ ಹಿಡೀತಾರೆ. ಮೆನುವಲ್ಲಿ 20 ಅಂತ ನೋಡಿ ಖುಷಿಪಟ್ರೆ ಬಿಲ್ಲು 25 ಯುಎಸ್ ಆಗಿರತ್ತೆ, ಅದ್ರ ಮೇಲೆ ಟಿಪ್ ಬೇರೆ.

ಜಮೈಕಾ, ಟ್ರಿನಿಡಾಡ್, ಡೊಮಿನಿಕನ್ ರಿಪಬ್ಲಿಕ್, ಈ ಮೂರರಲ್ಲಿ ರೇಟು ಗೂಟಕ್ಕೆ ಕಟ್ಟಿ ಹಾಕಿದ ಹಂಗಿಲ್ಲ. ಜಮೈಕಾದಲ್ಲಿ ಈಚೆಗೆ ಒಂದು ಯುಎಸ್‌ಗೆ 155-160 ಆಸುಪಾಸು, ಡೊಮಿನಿಕನ್ ಪೆಸೊ 60ರ ಆಸುಪಾಸು, ಟ್ರಿನಿಡಾಡಲ್ಲಿ 6.7-6.8, ಹೊರಡೋ ವಾರ ಒಂದ್ಸಲ ಚೆಕ್ ಮಾಡ್ಕೊಳ್ಳಿ. ಜಮೈಕಾದಲ್ಲಿ ಊಟಕ್ಕೆ 3,000 ಅಂತ ನೋಡಿ ಗಾಬರಿ ಆಗೋದೇನಿಲ್ಲ, 20 ಯುಎಸ್ ಒಳಗೇನೇ ಬರತ್ತೆ. ಅಲ್ಲಿ ದುಡ್ಡು ಬದಲಾಯಿಸೋ ಅಂಗಡಿಗೆ ಕ್ಯಾಂಬಿಯೊ ಅಂತಾರೆ, ಲೈಸೆನ್ಸ್ ಇರೋ ಕ್ಯಾಂಬಿಯೊದಲ್ಲಿ ಸಾಮಾನ್ಯವಾಗಿ ಹೋಟೆಲ್ ರಿಸೆಪ್ಷನ್‌ಗಿಂತ ಒಳ್ಳೆ ರೇಟ್ ಸಿಗತ್ತೆ, ಐಡಿ ಕೇಳ್ತಾರೆ ಪಾಸ್‌ಪೋರ್ಟ್ ಹಿಡ್ಕೊಂಡ್ ಹೋಗಿ. ಟ್ರಿನಿಡಾಡಲ್ಲಿ ಬಹಳ ವರ್ಷದಿಂದ ಫಾರಿನ್ ಕರೆನ್ಸಿಗೇ ಬರ, ನಿಮ್ಮ ಡಾಲರ್ ತಗೊಳ್ಳೋಕೆ ಎಲ್ರೂ ರೆಡಿ, ವಾಪಸ್ ಕೊಡೋಕೆ ಮಾತ್ರ ಕಷ್ಟಪಡಿಸ್ತಾರೆ, ಅದಕ್ಕೇ ಅಲ್ಲಿ ಬೇಕಾದಷ್ಟೇ ಸ್ವಲ್ಪ ಸ್ವಲ್ಪ ಬದಲಾಯಿಸಿ, ರಸೀದಿ ಇಟ್ಕೊಳ್ಳಿ.

ಅಮೆರಿಕನ್ ಡಾಲರೇ ಅಧಿಕೃತ ಕರೆನ್ಸಿ ಆಗಿರೋ ಜಾಗಗಳೂ ಇವೆ. ಪೋರ್ಟೊ ರಿಕೊ, ಯುಎಸ್ ವರ್ಜಿನ್ ಐಲ್ಯಾಂಡ್ಸ್ ಅಮೆರಿಕದ್ದೇ ಬಿಡಿ, ಆದ್ರೆ ಬ್ರಿಟಿಷ್ ವರ್ಜಿನ್ ಐಲ್ಯಾಂಡ್ಸ್ ಮತ್ತೆ ಟರ್ಕ್ಸ್ ಆಂಡ್ ಕೇಕೋಸ್‌ದೂ ಅದೇ ಡಾಲರ್, ನೆದರ್ಲೆಂಡ್ಸ್‌ಗೆ ಸೇರಿದ ಬೊನೇರ್, ಸಾಬಾ, ಸೇಂಟ್ ಯುಸ್ಟೇಶಿಯಸ್ ಕೂಡ 2011ರಿಂದ ಯೂರೋ ಅಲ್ಲ ಡಾಲರ್ರೇ. ಮಾರ್ಟಿನಿಕ್, ಗ್ವಾಡೆಲೂಪ್ ಫ್ರಾನ್ಸ್‌ದು, ಅಲ್ಲಿ ಯೂರೋ, ಡಾಲರ್ ತೋರ್ಸಿದ್ರೆ ಸುಮಾರು ಅಂಗಡಿಗಳಲ್ಲಿ ಬೇಡ ಅಂತ ತಲೆ ಅಲ್ಲಾಡಿಸ್ತಾರೆ. ಸೇಂಟ್ ಲೂಸಿಯಾ ಇಲ್ಲಾ ಡೊಮಿನಿಕಾದಿಂದ ದೋಣೀಲಿ ಮಾರ್ಟಿನಿಕ್‌ಗೆ ಹೋಗೋ ಪ್ಲಾನ್ ಇದ್ರೆ ಒಂದಿಷ್ಟು ಯೂರೋ ಮೊದ್ಲೇ ಇಟ್ಕೊಂಡಿರಿ. ಸೇಂಟ್ ಮಾರ್ಟಿನ್ ಇನ್ನೂ ಮಜಾ, ಒಂದೇ ದ್ವೀಪ, ಅರ್ಧ ಫ್ರೆಂಚ್ ಅರ್ಧ ಡಚ್, ಫ್ರೆಂಚ್ ಕಡೆ ಯೂರೋ. ಅಲ್ಲಿ ಕೆಲವು ಹೋಟ್ಲುಗಳು ಕ್ಯಾಶ್ ಕೊಟ್ರೆ ಯೂರೋ ಡಾಲರ್ ಎರಡನ್ನೂ ಒಂದಕ್ಕೊಂದು ಅಂತ ಹಿಡೀತಾರೆ, ಬೋರ್ಡ್ ಇದ್ದೇ ಇರತ್ತೆ, ಯೂರೋ ಮೇಲಿರುವಾಗ ಡಾಲರ್ ಕ್ಯಾಶ್ ಕೊಟ್ರೆ ನಿಮಗೇ ಲಾಭ.

ಡಚ್ ಕಡೆ ಒಂದು ಹೊಸ ವಿಷ್ಯ ಇದೆ, ಹಳೇ ಗೈಡ್‌ಗಳಲ್ಲಿ ಇರಲ್ಲ. ಕ್ಯುರಸಾವ್ ಅನ್ನೋ ಇನ್ನೊಂದು ಡಚ್ ದ್ವೀಪ ಮತ್ತೆ ಸಿಂಟ್ ಮಾರ್ಟನ್‌ನಲ್ಲಿ (ಸೇಂಟ್ ಮಾರ್ಟಿನ್‌ನ ಡಚ್ ಅರ್ಧಕ್ಕೆ ಇದೇ ಹೆಸ್ರು) 2025ರ ಮಾರ್ಚ್ 31ರಿಂದ ಕೆರಿಬಿಯನ್ ಗಿಲ್ಡರ್ ಅಂತ ಹೊಸ ನೋಟು ಬಂತು, ಬೆಲೆ ಹಳೇದ್ರದ್ದೇ, ಒಂದು ಯುಎಸ್‌ಗೆ 1.79. ಹಳೇ ನೆದರ್ಲೆಂಡ್ಸ್ ಆಂಟಿಲೀಸ್ ಗಿಲ್ಡರ್ ಅಂಗಡೀಲಿ ಓಡೋದು ಅದೇ ವರ್ಷ ಜೂನ್ ಕೊನೆಗೆ ನಿಂತೋಯ್ತು. ಈಗ ಯಾರಾದ್ರೂ ಚಿಲ್ರೆ ಅಂತ ಹಳೇ ನೋಟು ಕೈಗಿಟ್ರೆ ತಗೋಬೇಡಿ. ಪಕ್ಕದ ಅರುಬಾದ್ದು ಫ್ಲೋರಿನ್, ಅದೂ 1.79 ಲೆಕ್ಕದ್ದೇ, ಹಂಗಂತ ಅದನ್ನ ಕ್ಯುರಸಾವ್‌ನಲ್ಲಿ ಖರ್ಚು ಮಾಡೋಕಾಗಲ್ಲ.

ಕ್ಯೂಬಾ ಇದ್ರಲ್ಲೆಲ್ಲ ಸೇರೋದೇ ಇಲ್ಲ. ಅಮೆರಿಕದ ಬ್ಯಾಂಕ್ ಕೊಟ್ಟ ಕಾರ್ಡ್ ಅಲ್ಲಿ ಕೆಲ್ಸ ಮಾಡಲ್ಲ, ಬೇರೆ ದೇಶದ್ದಕ್ಕೂ ಪೂರ್ತಿ ನಂಬೋ ಹಂಗಿಲ್ಲ, ಟೂರಿಸ್ಟ್‌ಗಳಿಗೆ ಅಂತ ಇದ್ದ ಬೇರೆ ಪೆಸೊ 2021ರಲ್ಲಿ ರದ್ದಾಯ್ತು. ಇಡೀ ಟ್ರಿಪ್ಪಿಗೆ ಆಗೋಷ್ಟು ಕ್ಯಾಶ್ ಒಯ್ಬೇಕು, ಯೂರೋ ಆದ್ರೆ ವಾಸಿ.

ಈಗ ಕ್ಯಾಶ್ ಎಷ್ಟು ಅನ್ನೋದಕ್ಕೆ ಬರೋಣ. ಹೋಟ್ಲು, ದೊಡ್ಡ ರೆಸ್ಟೋರೆಂಟು, ಸೂಪರ್‌ಮಾರ್ಕೆಟ್ಟು, ಕಾರ್ ಬಾಡಿಗೆ, ಡೈವಿಂಗ್ ಶಾಪು ಇದಕ್ಕೆಲ್ಲ ಕಾರ್ಡು ಸಾಕು. ಟ್ಯಾಕ್ಸಿ, ಮಿನಿಬಸ್ಸು, ಬೀಚಲ್ಲಿ ಚೇರ್ ಬಾಡಿಗೆ, ಎಳನೀರು, ರಸ್ತೆ ಬದಿ ಚಿಕನ್ನು, ಬಾರ್ಬಡೋಸಿನ ಆಯ್ಸ್ಟಿನ್ಸಲ್ಲಿ ಶುಕ್ರವಾರದ ಮೀನು, ಸೇಂಟ್ ಲೂಸಿಯಾದ ಗ್ರೋಸ್ ಐಲೆಟ್‌ನ ಬೀದಿ ಪಾರ್ಟಿ, ಇವುಗಳಿಗೆ ಕ್ಯಾಶೇ ಬೇಕು, ಅದೂ ಆದಷ್ಟೂ ಲೋಕಲ್ ಕ್ಯಾಶು. ಬಾರ್ಬಡೋಸಲ್ಲಿ ಬಸ್ ಚಾರ್ಜು 3.50 ಲೋಕಲ್ ಡಾಲರ್, ಸರ್ಕಾರಿ ಬಸ್ಸಲ್ಲಿ ಚಿಲ್ರೆ ವಾಪಸ್ ಕೊಡಲ್ಲ, ಸರಿಯಾಗಿ ಎಣಿಸಿ ಹಾಕ್ಬೇಕು. ನನ್ ಕೇಳಿದ್ರೆ ಇಳಿದ ದಿನ ಎಟಿಎಂನಿಂದ ಮೂರ್ನಾಲ್ಕು ದಿನದ ಸಣ್ಣಪುಟ್ಟ ಖರ್ಚಿಗೆ ಆಗೋಷ್ಟು ಲೋಕಲ್ ದುಡ್ಡು ತೆಗೀರಿ, ಜೊತೆಗೆ ಯುಎಸ್ ಡಾಲರ್ 1, 5, 10ರ ನೋಟಲ್ಲಿ ಒಂದು ಕಟ್ಟು ಇರ್ಲಿ. 100ರ ನೋಟು ಮುರಿಸೋದು ತಲೆನೋವು, ಸುಮಾರು ಅಂಗಡಿಯವ್ರು ಮುಟ್ಟಲ್ಲ. ಹರಿದಿರೋದು, ಪೆನ್ನಲ್ಲಿ ಗೀಚಿರೋದು ಇದ್ರೆ ಮನೇಲೇ ಬೇರೆ ಮಾಡಿ. ಯುಎಸ್ ಕಾಯಿನ್ ಟಿಪ್ಪಾಗಿ ಕೊಡಬೇಡಿ, ಫಾರಿನ್ ಕಾಯಿನ್ ಅಲ್ಲಿನ ಬ್ಯಾಂಕುಗಳು ತಗೊಳಲ್ಲ, ಪಾಪ ಅವ್ರಿಗೆ ಅದು ಬರೀ ಭಾರ.

ಯುಎಸ್ ಕೊಟ್ರೆ ಚಿಲ್ರೆ ಹೆಚ್ಚುಕಮ್ಮಿ ಯಾವಾಗ್ಲೂ ಲೋಕಲಲ್ಲೇ ಬರತ್ತೆ, ಅದು ಮೋಸ ಅಲ್ಲ, ಅಲ್ಲಿನ ರೂಢಿ. ಯಾವ ರೇಟಿಗೆ ಕೊಟ್ರು ಅಂತ ಮಾತ್ರ ಎಣಿಸಿ.

ಕಾರ್ಡ್ ವಿಷ್ಯದಲ್ಲಿ ಜಾಸ್ತಿ ದುಡ್ಡು ಸೋರೋದು ಒಂದೇ ಕಡೆ. ಎಟಿಎಂ ಇಲ್ಲಾ ಸ್ವೈಪ್ ಮಷೀನು "ನಿಮ್ಮ ಕರೆನ್ಸಿಯಲ್ಲೇ ಚಾರ್ಜ್ ಮಾಡ್ಲಾ?" ಅಂತ ಕೇಳತ್ತೆ, ಕಾರ್ಡು ರೂಪಾಯಿದಾದ್ರೆ ರೂಪಾಯಿ, ಪೌಂಡಿಂದಾದ್ರೆ ಪೌಂಡು ಲೆಕ್ಕ ತೋರ್ಸತ್ತೆ, ನೋಡೋಕೆ ಅನುಕೂಲ ಅನ್ಸತ್ತೆ. ಒಪ್ಕೋಬೇಡಿ. ಅಲ್ಲಿ ರೇಟು ಹಾಕೋದು ವೀಸಾ ಮಾಸ್ಟರ್‌ಕಾರ್ಡ್ ಅಲ್ಲ, ಆ ಮಷೀನ್ ಕಡೆಯೋರು, ಅವ್ರ ಲಾಭಾನೂ ಅದ್ರೊಳಗೇ ಸೇರಿರತ್ತೆ. ಲೋಕಲ್ ಕರೆನ್ಸಿ ಅನ್ನೋದನ್ನೇ ಒತ್ತಿ. ಎಟಿಎಂನಲ್ಲಿ ಡಿಕ್ಲೈನ್ ಕನ್ವರ್ಷನ್ ಅಂತ ಬರತ್ತೆ, ಡಿಕ್ಲೈನ್ ಅಂದ ತಕ್ಷಣ ದುಡ್ಡೇ ಬರಲ್ವೇನೋ ಅಂತ ಹೆದರ್ಕೊಂಡು ಸುಮಾರು ಜನ ಒಪ್ಕೊಂಡ್ಬಿಡ್ತಾರೆ, ಇಲ್ಲ, ದುಡ್ಡು ಬಂದೇ ಬರತ್ತೆ, ಲೆಕ್ಕ ನಿಮ್ಮ ಬ್ಯಾಂಕ್ ಹಾಕತ್ತೆ ಅಷ್ಟೇ.

ಡಾಲರ್ ತುಂಬಿಸಿರೋ ಫಾರೆಕ್ಸ್ ಕಾರ್ಡ್ ತಗೊಂಡ್ ಹೋಗೋರಿಗೆ ಒಂದ್ಮಾತು. ಟರ್ಕ್ಸ್ ಆಂಡ್ ಕೇಕೋಸ್‌ನಂಥ ಯುಎಸ್ ಡಾಲರ್ ದ್ವೀಪದಲ್ಲಿ ಅದು ಸೂಪರ್, ಆದ್ರೆ ಗ್ರೆನಡಾದಲ್ಲಿ ಬಿಲ್ಲು ಇಸಿಯಲ್ಲಿ ಆಗತ್ತಲ್ವಾ, ಆಗ ಡಾಲರಿಂದ ಇಸಿಗೆ ಬದಲಾಯಿಸೋಕೆ ಅಂತ ಕ್ರಾಸ್ ಕರೆನ್ಸಿ ಚಾರ್ಜು ಬೀಳಬಹುದು. ಎಷ್ಟು ಪರ್ಸೆಂಟ್ ಅಂತ ತಗೊಳ್ಳೋ ಮುಂಚೇನೇ ಕೇಳಿ, ಮಾರ್ಕಪ್, ಅಂದ್ರೆ ಫಾರಿನ್ ಖರ್ಚಿಗೆ ಬ್ಯಾಂಕ್ ಹಾಕೋ ಎಕ್ಸ್‌ಟ್ರಾ ಚಾರ್ಜು, ಇಲ್ಲದ ಕ್ರೆಡಿಟ್ ಕಾರ್ಡ್ ಇದ್ರೆ ಅದೇ ವಾಸಿ ಅನ್ಸಬಹುದು. ಕ್ರೆಡಿಟ್ ಕಾರ್ಡಲ್ಲಿ ಕ್ಯಾಶ್ ಮಾತ್ರ ತೆಗೀಬೇಡಿ, ಅವತ್ತಿಂದಲೇ ಬಡ್ಡಿ ಶುರು. ಎರಡು ಬೇರೆ ಬ್ಯಾಂಕಿನ ಕಾರ್ಡ್ ಇರ್ಲಿ, ಒಂದು ಪರ್ಸಲ್ಲಿ ಒಂದು ರೂಮಿನ ಲಾಕರಲ್ಲಿ, ಬ್ಯಾಂಕ್ ಆ್ಯಪಲ್ಲಿ ಇಂಟರ್‌ನ್ಯಾಷನಲ್ ಬಳಕೆ, ಎಟಿಎಂ ಲಿಮಿಟ್ಟು ಎಲ್ಲ ಹೊರಡೋಕ್ ಮುಂಚೆ ಆನ್ ಮಾಡಿ, ಯಾಕಂದ್ರೆ ಅಲ್ಲಿ ಓಟಿಪಿ ಬರೋ ಸಿಮ್ಮಿಗೆ ನೆಟ್‌ವರ್ಕ್ ಸಿಗ್ದೇ ಇದ್ರೆ ಬೀಚಲ್ಲಿ ಕೂತ್ಕೊಂಡು ಕಸ್ಟಮರ್ ಕೇರ್ ಮ್ಯೂಸಿಕ್ ಕೇಳ್ಬೇಕಾಗತ್ತೆ.

ಎಟಿಎಂ ಆದಷ್ಟೂ ಬ್ಯಾಂಕಿನ ಗೋಡೇಲಿರೋದನ್ನೇ, ಬ್ಯಾಂಕ್ ತೆಗ್ದಿರೋ ಹೊತ್ತಲ್ಲೇ ಬಳಸಿ, ಕಾರ್ಡ್ ನುಂಗಿದ್ರೆ ಒಳಗೆ ಹೋಗಿ ಕೇಳಬಹುದು. ಬ್ಯಾಂಕ್ ಮಧ್ಯಾಹ್ನಾನೇ ಬಾಗಿಲು ಹಾಕೋ ದ್ವೀಪಗಳು ಬಹಳ ಇವೆ, ಬೆಳಿಗ್ಗೇನೇ ಮುಗಿಸ್ಕೊಳ್ಳಿ. ಟೂರಿಸ್ಟ್ ಜಾಗದ ಕೆಲವು ಎಟಿಎಂಗಳು ಯುಎಸ್ ಡಾಲರ್ರೇ ಕೊಡ್ತವೆ, ಯಾವ್ದು ಬರ್ತಿದೆ ಅಂತ ಸ್ಕ್ರೀನ್ ನೋಡಿ ಒತ್ತಿ. ಒಂದೊಂದು ಸಲಕ್ಕೂ ಫೀಸ್ ಬೀಳೋದ್ರಿಂದ ದಿನಾ ಚೂರು ಚೂರು ತೆಗೆಯೋದು ದಂಡ. ಪುಟ್ಟ ದ್ವೀಪಕ್ಕೆ ದೋಣೀಲಿ ಹೋಗೋದಿದ್ರೆ ದೊಡ್ಡ ದ್ವೀಪದಲ್ಲೇ ತೆಗ್ದಿಟ್ಕೊಳ್ಳಿ, ಇರೋ ಒಂದೇ ಎಟಿಎಂ ವೀಕೆಂಡಲ್ಲಿ ಖಾಲಿ ಆಗಿರಬಹುದು. ಜೂನ್ ಒಂದರಿಂದ ನವೆಂಬರ್ ಮೂವತ್ತರ ತನಕ ಚಂಡಮಾರುತದ ಸೀಸನ್, ಆಗ ಹೋಗೋರು ಸ್ವಲ್ಪ ಜಾಸ್ತಿ ಕ್ಯಾಶ್ ಇಟ್ಕೊಳ್ಳಿ. 2017ರಲ್ಲಿ ಮರಿಯಾ ಚಂಡಮಾರುತ ಹೊಡೆದಾಗ ಪೋರ್ಟೊ ರಿಕೊದಲ್ಲಿ ಕರೆಂಟೂ ಇಲ್ಲ ನೆಟ್ಟೂ ಇಲ್ಲ, ಕಾರ್ಡ್ ಮಷೀನ್ ಸತ್ತೋಗಿ ಜನ ಕ್ಯಾಶಿಗೆ ಉದ್ದುದ್ದ ಕ್ಯೂ ನಿಂತಿದ್ರು.

ಬಿಲ್ಲಿನ ಕೊನೇ ಸಾಲುಗಳನ್ನ ಓದೋ ಅಭ್ಯಾಸ ಮಾಡ್ಕೊಳ್ಳಿ. ಮೆನು ಬೆಲೆ ಮೇಲೆ ಟ್ಯಾಕ್ಸು, ಅದ್ರ ಮೇಲೆ 10 ಪರ್ಸೆಂಟ್ ಸರ್ವಿಸ್ ಚಾರ್ಜು ಬರೋದು ಸಾಮಾನ್ಯ, ಬಾರ್ಬಡೋಸಲ್ಲಿ ವ್ಯಾಟೇ 17.5. ಸರ್ವಿಸ್ ಚಾರ್ಜ್ ಸೇರ್ಸಿದ್ರೆ ಮತ್ತೆ ಟಿಪ್ ಕಡ್ಡಾಯ ಏನಲ್ಲ, ಚೆನ್ನಾಗಿ ನೋಡ್ಕೊಂಡಿದ್ರೆ ಕೈಯಲ್ಲೇ ಒಂದಿಷ್ಟು ಕೊಡಿ. ಕಾರ್ ಬಾಡಿಗೆ ತಗೊಂಡ್ರೆ ಕ್ರೆಡಿಟ್ ಕಾರ್ಡ್ ಮೇಲೆ ಡೆಪಾಸಿಟ್ ಹೋಲ್ಡ್ ಮಾಡ್ತಾರೆ, ಅಂದ್ರೆ ಅಷ್ಟು ದುಡ್ಡನ್ನ ಕಾರ್ಡಲ್ಲೇ ತಡೆದಿಡ್ತಾರೆ, ಸುಮಾರು ಕಡೆ ಡೆಬಿಟ್ ಕಾರ್ಡ್ ಒಪ್ಪಲ್ಲ. ಕೆಲವು ದ್ವೀಪಗಳಲ್ಲಿ ಲೋಕಲ್ ಡ್ರೈವಿಂಗ್ ಪರ್ಮಿಟ್ಟಿಗೂ ದುಡ್ಡು ಕೇಳ್ತಾರೆ, ಅದಕ್ಕೆ ಕ್ಯಾಶ್ ಕೈಯಲ್ಲಿರ್ಲಿ.

ವಾಪಸ್ ಬರೋ ಹಿಂದಿನ ದಿನ ಲೋಕಲ್ ನೋಟು ಎಷ್ಟಿದೆ ಅಂತ ಎಣಿಸಿ. ಇಸಿ, ಬಾರ್ಬಡೋಸ್, ಬಹಾಮಾಸ್ ನೋಟು ಆ ಭಾಗ ಬಿಟ್ಟು ಹೊರಗೆ ಬಂದ್ರೆ ಬದಲಾಯಿಸೋರು ಸಿಗೋದೇ ಅಪರೂಪ. ಸುಲಭದ ದಾರಿ ಏನಂದ್ರೆ ಹೋಟೆಲ್ ಬಿಲ್ಲಲ್ಲಿ ಉಳಿದಿರೋ ಕ್ಯಾಶೆಲ್ಲ ಕೊಟ್ಟು ಮಿಕ್ಕಿದ್ದನ್ನ ಕಾರ್ಡಿಗೆ ಹಾಕಿ ಅನ್ನೋದು, ಯಾರೂ ಬೇಡ ಅನ್ನಲ್ಲ, ಏರ್‌ಪೋರ್ಟಿಗೆ ಹೋಗೋ ಟ್ಯಾಕ್ಸಿ ದುಡ್ಡು ಮಾತ್ರ ಎತ್ತಿಟ್ಕೊಂಡಿರಿ. ಬಂದ್ಮೇಲೆ ಕಾರ್ ಬಾಡಿಗೆಯವ್ರ ಹೋಲ್ಡ್ ಬಿಟ್ಟಿದಾರಾ ಅಂತ ಸ್ಟೇಟ್‌ಮೆಂಟ್ ನೋಡ್ತಾ ಇರಿ, ಒಂದೆರಡು ವಾರ ಆದ್ರೂ ಬಿಟ್ಟಿಲ್ಲ ಅಂದ್ರೆ ಕಾರ್ ವಾಪಸ್ ಕೊಟ್ಟಾಗಿನ ಕಾಗದದ ಫೋಟೋ ಸಮೇತ ಬ್ಯಾಂಕಿಗೆ ಮೇಲ್ ಹಾಕಿ.