21 ಎಲೆಯ ಮ್ಯಾಜಿಕ್‌ಗೆ ಕೋಡ್ ಬರೆಸಿದ್ದು

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಈಗಷ್ಟೇ ಶುರು ಮಾಡಿದವರಿಗೆ ನಾನು ಬರೆಯೋಕೆ ಕೊಡುವುದು 21 ಎಲೆಯ ಇಸ್ಪೀಟ್ ಮ್ಯಾಜಿಕ್. ಆಟ ಹಳೆಯದು, ಗೊತ್ತಿರಬಹುದು. 21 ಎಲೆಗಳನ್ನು ಒಂದೊಂದಾಗಿ ಮೂರು ಸಾಲಿಗೆ ಹಂಚಬೇಕು. ನೋಡುವವರು ಮನಸ್ಸಿನಲ್ಲೇ ಒಂದು ಎಲೆ ಆರಿಸಿಕೊಂಡು, ಅದು ಯಾವ ಸಾಲಿನಲ್ಲಿದೆ ಅಂತ ಮಾತ್ರ ಹೇಳುತ್ತಾರೆ. ಆ ಸಾಲನ್ನು ಉಳಿದೆರಡರ ನಡುವೆ ಸೇರಿಸಿ ಮತ್ತೆ ಹಂಚಬೇಕು. ಮೂರು ಸಲ ಹೀಗೆ ಮಾಡಿ ಸೇರಿಸಿದರೆ ಅವರ ಎಲೆ 11ನೆಯದಾಗಿ ಬಂದು ಕೂರುತ್ತದೆ.

ಇತ್ತೀಚೆಗೆ ಕಲಿಯಲು ಬಂದ ಹುಡುಗ ಮೊದಲು ಕೇಳಿದ್ದೇ, "ಸರ್, ಅವರು ಅಂದ್ಕೊಂಡ ಎಲೆ ಪ್ರೋಗ್ರಾಂಗೆ ಹೇಗೆ ಗೊತ್ತಾಗುತ್ತೆ?" ಅದಕ್ಕೊಂದು ವೇರಿಯಬಲ್ (ಮಾಹಿತಿ ಇಟ್ಟುಕೊಳ್ಳುವ ಹೆಸರು) ಬೇರೆ ಇಟ್ಟಿದ್ದ. ಲ್ಯಾಪ್‌ಟಾಪ್ ಮುಚ್ಚಿಸಿ ಎಲೆಗಳನ್ನು ಕೈಗೆ ಕೊಟ್ಟೆ. ಕೈ ಏನು ಮಾಡುತ್ತೋ ಅದನ್ನು ಬಾಯಲ್ಲಿ ಹೇಳ್ತಾ ಹೋಗು ಎಂದೆ. "ಹಂಚ್ತೀನಿ, ಕೇಳ್ತೀನಿ, ಸೇರಿಸ್ತೀನಿ." ಅಷ್ಟೇ, ಮೂರು ಫಂಕ್ಷನ್ ಸಿಕ್ಕಿತು, ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಕೋಡ್ ತುಣುಕು. ಎಲೆಯ ಹೆಸರು ಎಲ್ಲೂ ಬರಲೇ ಇಲ್ಲ ಅಲ್ವಾ? ಆ ವೇರಿಯಬಲ್ ಅವನೇ ಅಳಿಸಿದ.

ಹಂಚುವುದು ಸುಲಭ: ಕಟ್ಟು[0::3], ಕಟ್ಟು[1::3], ಕಟ್ಟು[2::3]. ಅಂದರೆ ಮೊದಲ, ಎರಡನೇ, ಮೂರನೇ ಎಲೆಯಿಂದ ಶುರು ಮಾಡಿ ಮೂರಕ್ಕೊಂದು ಎಲೆ. (ಪೈಥಾನ್ 3ರಲ್ಲಿ ವೇರಿಯಬಲ್‌ಗೆ ಕನ್ನಡದ ಹೆಸರೇ ಇಡಬಹುದು. ಕಲಿಯುವವರಿಗೆ ಇದು ಭಾರಿ ಖುಷಿ.) ಅವನು ಸಿಕ್ಕಿಬಿದ್ದದ್ದು ಬೇರೆ ಕಡೆ. ಷಫಲ್ ಮಾಡಿದ ಫಲವನ್ನು ಮತ್ತೆ 'ಕಟ್ಟು' ಹೆಸರಿಗೇ ಕೊಟ್ಟಿದ್ದ. ಷಫಲ್ ಇದ್ದ ಲಿಸ್ಟನ್ನೇ (ಎಲೆಗಳ ಪಟ್ಟಿಯನ್ನೇ) ಕಲಸುತ್ತದೆ, ವಾಪಸ್ ಏನೂ ಕೊಡುವುದಿಲ್ಲ. ಕಟ್ಟೇ ಮಾಯ! ಆಮೇಲೆ ಇನ್‌ಪುಟ್, ಅಂದರೆ ಯಾವ ಸಾಲು ಅಂತ ಟೈಪ್ ಮಾಡುವ ಉತ್ತರ. ಅಲ್ಲಿ ಬರುವ '2' ಅನ್ನುವುದು ಬರೀ ಅಕ್ಷರ, ಸಂಖ್ಯೆ ಅಲ್ಲ. ಅದನ್ನು ಸಂಖ್ಯೆ ಮಾಡುವ ಇಂಟ್ ಹಾಕದೆ ಹೋಲಿಸಿದರೆ ಯಾವ ಸಾಲೂ ಹೊಂದುವುದಿಲ್ಲ.

11 ಯಾಕೆ ಅನ್ನುವುದನ್ನು ನಾನು ಹೇಳಲಿಲ್ಲ. ಪ್ರತಿ ಸುತ್ತಿನಲ್ಲೂ ಎಲೆಯ ಜಾಗವನ್ನು ಪ್ರಿಂಟ್ ಮಾಡು ಎಂದೆ. ಮೊದಲ ಸಲ ನಡುವೆ ಸೇರಿಸಿದಾಗ ಎಲೆ 8ರಿಂದ 14ರೊಳಗೆ ಎಲ್ಲೋ ಇರುತ್ತದೆ. ಮತ್ತೆ ಹಂಚಿದರೆ ಆ ಜಾಗದ ಎಲೆಗಳು ತಂತಮ್ಮ ಸಾಲಿನ 3, 4 ಅಥವಾ 5ನೆಯದಾಗುತ್ತವೆ. ಸೇರಿಸಿದರೆ 10, 11, 12. ಮೂರನೇ ಹಂಚಿಕೆಯಲ್ಲಿ ಈ ಮೂರರಲ್ಲಿ ಯಾವುದಾದರೂ ಸರಿ, ಅದು ತನ್ನ ಸಾಲಿನ 4ನೆಯದು. ಅದರ ಮುಂದೆ ಒಂದು ಸಾಲಿನ 7 ಎಲೆ ಬಂದರೆ 11. ಲಿಸ್ಟ್ ಸೊನ್ನೆಯಿಂದ ಎಣಿಸುವುದರಿಂದ ಕಟ್ಟು[10].

ಒಂದೆರಡು ಸಲ ಓಡಿಸಿ "ಸರಿ ಇದೆ ಸರ್" ಅಂದ. ನನಗೆ ಅಷ್ಟು ಸಾಲದು. ಸುಮ್ನೆ ಒಂದು ಲೂಪ್ ಹಾಕಿ, 21 ಎಲೆಗಳಿಗೂ ಕಂಪ್ಯೂಟರನ್ನೇ ಪ್ರೇಕ್ಷಕನನ್ನಾಗಿ ಮಾಡಿಸಿದೆ. ಎಲ್ಲವೂ ಪಾಸ್. ಆಗ ಅವನೇ 21 ತೆಗೆದು 27 ಹಾಕಿದ, ನಡುವಿನ ಜಾಗ 14. ಅದೂ ಪಾಸ್. 33 ಹಾಕಿದಾಗ 6 ಎಲೆ ಕೈಕೊಟ್ಟವು. ಮೊದಲ ಹಂಚಿಕೆಯಲ್ಲಿ ಮೂರೂ ಸಾಲುಗಳ ಎರಡು ತುದಿಯಲ್ಲಿದ್ದವೇ ಅವು. ಯಾಕೆ ಅಂತ ಅವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ಒಂದು ಪ್ರಶ್ನೆಗೆ ಮೂರು ಉತ್ತರ, ಮೂರು ಪ್ರಶ್ನೆಗೆ 27. ಅದಕ್ಕಿಂತ ಜಾಸ್ತಿ ಎಲೆ ಇದ್ದರೆ ಎಲ್ಲವನ್ನೂ ಬೇರೆ ಮಾಡಿ ಗುರುತಿಸಲು ಆಗುವುದಿಲ್ಲ. ಇನ್ನೊಂದು ಸುತ್ತು ಸೇರಿಸಿ ಓಡಿಸಿದ. 33 ಎಲೆಗಳೂ 17ನೇ ಜಾಗಕ್ಕೆ ಬಂದವು.