ಎಂ.ಡಿ. ಕಾಲೇಜೋ, ಡಿ.ಓ. ಕಾಲೇಜೋ: ಅಮೆರಿಕದಲ್ಲಿ ವೈದ್ಯಕೀಯ ಸೀಟು ಆರಿಸಿಕೊಳ್ಳುವ ಬಗೆ

ನನ್ನ ಅಕ್ಕನ ಮಗಳಿಗೆ ಅಮೆರಿಕದ ಡಿ.ಓ., ಅಂದರೆ ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್, ಕಾಲೇಜೊಂದರಲ್ಲಿ ಸೀಟು ಸಿಕ್ಕಾಗ ಮೈಸೂರಿನಲ್ಲಿದ್ದ ನಮ್ಮಮ್ಮ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಅದು ಮೂಳೆ ಡಾಕ್ಟರ್ ಓದಾ?" ಎಂಬುದು. ಈ ಗೊಂದಲಕ್ಕೆ ಕಾರಣವಿದೆ. ನಮಗೆ ಅಲೋಪತಿಯ ಎದುರು ನಿಲ್ಲುವುದು ಆಯುರ್ವೇದ, ಹೋಮಿಯೋಪತಿಗಳು. ಹಾಗಾಗಿ ಆಸ್ಟಿಯೋಪತಿ ಎಂದೊಡನೆ ಅದನ್ನೂ ಅದೇ ಸಾಲಿಗೆ ಸೇರಿಸಿಬಿಡುತ್ತೇವೆ. ಅಮೆರಿಕದಲ್ಲಿ ಓದಿದ ಡಿ.ಓ. ಹಾಗಲ್ಲ. ಔಷಧ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ಹಕ್ಕು ಆ ವೈದ್ಯರಿಗೆ ಐವತ್ತೂ ರಾಜ್ಯಗಳಲ್ಲಿದೆ. ಟ್ರಂಪ್ ಅವರ ಮೊದಲ ಅವಧಿಯಲ್ಲಿ ಶ್ವೇತಭವನದ ವೈದ್ಯರಾಗಿದ್ದ ಶಾನ್ ಕಾನ್ಲಿ, ಬೈಡನ್ ಅವರ ವೈದ್ಯ ಕೆವಿನ್ ಓಕಾನರ್ ಇಬ್ಬರೂ ಡಿ.ಓ.ಗಳೇ. ಜೊತೆಗೆ, ನಮ್ಮಲ್ಲಿ ಎಂ.ಡಿ. ಎಂದರೆ ಎಂ.ಬಿ.ಬಿ.ಎಸ್. ಮುಗಿಸಿದವರು ಮಾಡುವ ಸ್ನಾತಕೋತ್ತರ ಪದವಿ, ಅಲ್ಲಿ ಎಂ.ಡಿ. ಮತ್ತು ಡಿ.ಓ. ಎರಡೂ ಸಾಮಾನ್ಯ ಪದವಿಯ ಬಳಿಕ ನಾಲ್ಕು ವರ್ಷ ಓದಿ ಪಡೆಯುವ ಮೊದಲ ವೈದ್ಯ ಪದವಿಗಳು. ತಜ್ಞತೆ ಬರುವುದು ಅದರ ನಂತರ ಆಸ್ಪತ್ರೆಯಲ್ಲಿ ಪಡೆಯುವ ತರಬೇತಿಯಾದ ರೆಸಿಡೆನ್ಸಿಯಲ್ಲಿ.

ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರು ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ 1892ರಲ್ಲಿ ಮೊದಲ ಆಸ್ಟಿಯೋಪತಿ ಕಾಲೇಜನ್ನು ತೆರೆದಾಗ ಎರಡು ಪದ್ಧತಿಗಳ ನಡುವೆ ದೊಡ್ಡ ಕಂದಕವೇ ಇತ್ತು. ಈಗ ಪಠ್ಯದಲ್ಲಿ ಉಳಿದಿರುವ ಮುಖ್ಯ ವ್ಯತ್ಯಾಸ, ಡಿ.ಓ. ವಿದ್ಯಾರ್ಥಿಗಳು ಹೆಚ್ಚುವರಿಯಾಗಿ ಕಲಿಯುವ ಸುಮಾರು 200 ಗಂಟೆಗಳ ಹಸ್ತಚಿಕಿತ್ಸೆ, ಅಂದರೆ ಮೂಳೆ, ಸ್ನಾಯುಗಳನ್ನು ಕೈಯಿಂದಲೇ ಪರೀಕ್ಷಿಸಿ ಚಿಕಿತ್ಸೆ ಕೊಡುವ ವಿದ್ಯೆ. ಕಾಲೇಜು ನೋಡಲು ಹೋದಾಗ ಆ ತರಗತಿಯನ್ನು ನೋಡಲೇಬೇಕು. ನಾವು ಹೋದ ಕಡೆ ಉದ್ದನೆಯ ಕೋಣೆಯಲ್ಲಿ ಸಾಲಾಗಿ ಮೇಜುಗಳಿದ್ದವು. ಒಬ್ಬ ವಿದ್ಯಾರ್ಥಿ ಬೋರಲು ಮಲಗಿದ್ದರೆ, ಇನ್ನೊಬ್ಬಳು ಕಣ್ಣು ಮುಚ್ಚಿಕೊಂಡು ಅವನ ಬೆನ್ನುಮೂಳೆಯ ಇಕ್ಕೆಲಗಳಲ್ಲಿ ಬೆರಳಿಟ್ಟು ಯಾವ ಬದಿಯ ಸ್ನಾಯು ಬಿಗಿದಿದೆ ಎಂದು ಹುಡುಕುತ್ತಿದ್ದಳು. ರೋಗಿಯನ್ನು ಮುಟ್ಟಿ ನೋಡುವುದರಲ್ಲಿ ಸಿಗುವ ಈ ಪಳಗಿಕೆಗೆ ನಾನು ಬೆಲೆ ಕೊಡುತ್ತೇನೆ. ಅದರಲ್ಲಿ ಆಸಕ್ತಿಯೇ ಇಲ್ಲದವರಿಗೆ ಆ ಗಂಟೆಗಳು ಹೊರೆಯಾಗುತ್ತವೆ ಎಂಬುದೂ ನಿಜ.

ಪ್ರವೇಶದ ವಿಚಾರದಲ್ಲಿ, ಎಂ.ಡಿ. ಕಾಲೇಜು ಸೇರುವವರು ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆಯಲ್ಲಿ ಪಡೆಯುವ ಸರಾಸರಿ ಅಂಕ ಸುಮಾರು 511ರಿಂದ 512, ಡಿ.ಓ. ಸೇರುವವರದು ಸುಮಾರು 504. ಅರ್ಜಿ ಹಾಕುವ ವ್ಯವಸ್ಥೆಗಳೂ ಬೇರೆ ಬೇರೆ, ಮತ್ತು ಹಲವು ಡಿ.ಓ. ಕಾಲೇಜುಗಳು ಡಿ.ಓ. ವೈದ್ಯರೊಬ್ಬರ ಶಿಫಾರಸು ಪತ್ರವನ್ನು ಬಯಸುವುದರಿಂದ ಅಂಥ ವೈದ್ಯರ ಜೊತೆ ಕೆಲವು ದಿನ ಕಳೆಯುವ ಏರ್ಪಾಟನ್ನು ಅರ್ಜಿಗೆ ಒಂದು ವರ್ಷ ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು. ಗ್ರೀನ್ ಕಾರ್ಡ್ ಇಲ್ಲದ ಮಕ್ಕಳನ್ನು ಎರಡೂ ಬಗೆಯ ಅನೇಕ ಕಾಲೇಜುಗಳು ಸೇರಿಸಿಕೊಳ್ಳುವುದಿಲ್ಲವಾದ್ದರಿಂದ ಎಚ್-4 ವೀಸಾದಲ್ಲಿ (ಅಲ್ಲಿ ಕೆಲಸದ ವೀಸಾದಲ್ಲಿರುವವರ ಕುಟುಂಬಕ್ಕೆ ಸಿಗುವ ವೀಸಾ) ಇರುವ ನಮ್ಮವರ ಮಕ್ಕಳು ಶುಲ್ಕ ಕಟ್ಟುವ ಮೊದಲೇ ಪ್ರತಿ ಕಾಲೇಜನ್ನೂ ವಿಚಾರಿಸಬೇಕು.

ರೆಸಿಡೆನ್ಸಿ ಸಿಗುತ್ತದೆಯೇ ಎಂಬ ಭಯ ಬಹುಪಾಲು ಹಳೆಯದು. ಎರಡು ಬಗೆಯ ರೆಸಿಡೆನ್ಸಿಗಳೂ 2020ರಲ್ಲಿ ಒಂದೇ ಮಾನ್ಯತಾ ವ್ಯವಸ್ಥೆಯಡಿ ಬಂದವು. ರೆಸಿಡೆನ್ಸಿ ಸ್ಥಾನಗಳನ್ನು ಹಂಚುವ ರಾಷ್ಟ್ರಮಟ್ಟದ ಪ್ರಕ್ರಿಯೆಯಾದ ಮ್ಯಾಚ್‌ನಲ್ಲಿ 2024ರಲ್ಲಿ ಕೊನೆಯ ವರ್ಷದ ಎಂ.ಡಿ. ವಿದ್ಯಾರ್ಥಿಗಳಲ್ಲಿ ಶೇ. 93.5, ಡಿ.ಓ. ವಿದ್ಯಾರ್ಥಿಗಳಲ್ಲಿ ಶೇ. 92.3 ಮಂದಿಗೆ ಸ್ಥಾನ ಸಿಕ್ಕಿತು. ಆದರೆ ಈ ಒಟ್ಟು ಅಂಕಿಯ ಒಳಗೆ ನೋಡಬೇಕು. ಕುಟುಂಬ ವೈದ್ಯಕೀಯ, ಇಂಟರ್ನಲ್ ಮೆಡಿಸಿನ್, ತುರ್ತು ಚಿಕಿತ್ಸೆಗಳಲ್ಲಿ ಡಿ.ಓ.ಗಳು ಧಾರಾಳವಾಗಿದ್ದಾರೆ, ನರಶಸ್ತ್ರಚಿಕಿತ್ಸೆ, ಪ್ಲಾಸ್ಟಿಕ್ ಸರ್ಜರಿ, ಚರ್ಮರೋಗದಂಥ ವಿಭಾಗಗಳಲ್ಲಿ ಅವರ ದಾರಿ ಇಂದಿಗೂ ಕಡಿದು. ಆ ವಿಭಾಗವೇ ಬೇಕೆಂದು ಗಟ್ಟಿಯಾಗಿ ನಿರ್ಧರಿಸಿದವರಿಗೆ ಎಂ.ಡಿ. ಸೀಟು ಸಿಕ್ಕಿದರೆ ಅದನ್ನೇ ಹಿಡಿಯಿರಿ ಎಂದು ಹೇಳುತ್ತೇನೆ.

ಉಳಿದ ಎಲ್ಲರೂ ಹೆಚ್ಚು ಹೊತ್ತು ಯೋಚಿಸಬೇಕಾದದ್ದು ಮೂರನೆಯ ಮತ್ತು ನಾಲ್ಕನೆಯ ವರ್ಷದ ಬಗ್ಗೆ, ಏಕೆಂದರೆ ವೈದ್ಯರು ತಯಾರಾಗುವುದು ಆಗಲೇ. ಅನೇಕ ಎಂ.ಡಿ. ಕಾಲೇಜುಗಳಿಗೆ ಅಂಟಿಕೊಂಡಂತೆಯೇ ದೊಡ್ಡ ಬೋಧನಾ ಆಸ್ಪತ್ರೆ ಇರುತ್ತದೆ. ಅನೇಕ ಡಿ.ಓ. ಕಾಲೇಜುಗಳಿಗೆ ಅದಿಲ್ಲ, ವಿದ್ಯಾರ್ಥಿಗಳನ್ನು ದೂರದೂರದ ಸಮುದಾಯ ಆಸ್ಪತ್ರೆಗಳಿಗೆ ಹಂಚುತ್ತಾರೆ, ಕೆಲವೊಮ್ಮೆ ಬೇರೆ ರಾಜ್ಯಕ್ಕೇ ಕಳಿಸುತ್ತಾರೆ. ಅಕ್ಕನ ಮಗಳು ಎರಡು ಡಿ.ಓ. ಕಾಲೇಜುಗಳಿಗೆ ಒಂದೇ ಪ್ರಶ್ನೆಗಳನ್ನು ಬರೆದು ಕಳಿಸಿದಳು: ಮೂರನೆಯ ವರ್ಷ ಎಷ್ಟು ಸಲ ಮನೆ ಬದಲಿಸಬೇಕು, ಶಸ್ತ್ರಚಿಕಿತ್ಸೆ ಮತ್ತು ಹೆರಿಗೆ ವಿಭಾಗದ ತರಬೇತಿ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ರೆಸಿಡೆಂಟ್‌ಗಳು ಇದ್ದಾರೆಯೇ, ಸ್ಥಳವನ್ನು ಹಂಚುವುದು ಚೀಟಿ ಎತ್ತಿಯೇ. ಒಂದು ಕಾಲೇಜು ಆಸ್ಪತ್ರೆಗಳ ಹೆಸರಿನ ಪಟ್ಟಿಯನ್ನೇ ಕಳಿಸಿತು. ಇನ್ನೊಂದು, ಸಮಯ ಬಂದಾಗ ವ್ಯವಸ್ಥೆ ಮಾಡಲಾಗುವುದು ಎಂದಷ್ಟೇ ಉತ್ತರಿಸಿತು. ಎರಡನೆಯದರ ಕಟ್ಟಡ ಹೊಸದು, ಊರು ಚೆಂದ. ಆದರೂ ಅವಳು ಮೊದಲನೆಯದನ್ನೇ ಆರಿಸಿಕೊಂಡಳು, ಅದು ಸರಿಯೆಂದೇ ನನ್ನ ಅಭಿಪ್ರಾಯ.

ಪರೀಕ್ಷೆಗಳ ಹೊರೆಯನ್ನೂ ಮೊದಲೇ ತಿಳಿದಿರಬೇಕು. ವೈದ್ಯ ವೃತ್ತಿಯ ಪರವಾನಗಿಗಾಗಿ ಎಂ.ಡಿ.ಗಳು ಬರೆಯುವ ಪರೀಕ್ಷೆ ಯು.ಎಸ್.ಎಂ.ಎಲ್.ಇ., ಡಿ.ಓ.ಗಳಿಗೆ ಕಡ್ಡಾಯವಾದದ್ದು ಕಾಮ್‌ಲೆಕ್ಸ್. ಎರಡರ ಮೊದಲ ಹಂತಕ್ಕೂ 2022ರಿಂದ ಅಂಕವಿಲ್ಲ, ಪಾಸು ಅಥವಾ ಫೇಲು ಮಾತ್ರ. ಆದ್ದರಿಂದ ಎರಡನೆಯ ಹಂತದ ಅಂಕಕ್ಕೆ ತೂಕ ಹೆಚ್ಚಿದೆ. ಪೈಪೋಟಿಯ ವಿಭಾಗಗಳಿಗೆ ಹೋಗಬಯಸುವ ಡಿ.ಓ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡನ್ನೂ ಬರೆಯುತ್ತಾರೆ, ಅಂದರೆ ಓದೂ ಖರ್ಚೂ ಎರಡರಷ್ಟು.

ಹಣದ ಲೆಕ್ಕ ಈಗ ಮೊದಲಿಗಿಂತ ಬಿಗಿ. 2025ರ ಕಾನೂನಿನಂತೆ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವ ವೈದ್ಯ ವಿದ್ಯಾರ್ಥಿಗಳಿಗೆ ಫೆಡರಲ್ (ಅಲ್ಲಿನ ಕೇಂದ್ರ ಸರ್ಕಾರದ) ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್ ದಾಟುವಂತಿಲ್ಲ. ಡಿ.ಓ. ಕಾಲೇಜುಗಳಲ್ಲಿ ಹೆಚ್ಚಿನವು ಖಾಸಗಿ, ಹಲವುಗಳಲ್ಲಿ ಬೋಧನಾ ಶುಲ್ಕವೊಂದೇ ಆ ವಾರ್ಷಿಕ ಮಿತಿಯನ್ನು ಮೀರುತ್ತದೆ. ಹೀಗಾಗಿ ಮಿಷಿಗನ್ ಸ್ಟೇಟ್, ಒಕ್ಲಹೋಮ ಸ್ಟೇಟ್, ಟೆಕ್ಸಾಸ್‌ನ ಫೋರ್ಟ್ ವರ್ತ್‌ನಂಥ ಸರ್ಕಾರಿ ಡಿ.ಓ. ಕಾಲೇಜುಗಳು ಆಯಾ ರಾಜ್ಯದ ನಿವಾಸಿಗಳಿಗೆ ದುಬಾರಿ ಖಾಸಗಿ ಎಂ.ಡಿ. ಕಾಲೇಜಿಗಿಂತ ಮೇಲಾಗಬಹುದು.

ಮುಂದೆ ಕರ್ನಾಟಕಕ್ಕೆ ಮರಳಿ ವೃತ್ತಿ ಮಾಡುವ ಆಸೆಯಿದ್ದರೆ, ಡಿ.ಓ. ಪದವಿಯ ಮಾನ್ಯತೆ ದೇಶದಿಂದ ದೇಶಕ್ಕೆ ಬದಲಾಗುವುದರಿಂದ, ರಾಷ್ಟ್ರೀಯ ವೈದ್ಯಕೀಯ ಆಯೋಗದಿಂದ ಲಿಖಿತ ಉತ್ತರ ಪಡೆದ ಮೇಲೆಯೇ ಮುಂದುವರಿಯಿರಿ.

ಕೈಯಲ್ಲಿ ಡಿ.ಓ. ಸೀಟಿದ್ದು, ಎಂ.ಡಿ.ಗಾಗಿ ಇನ್ನೊಂದು ವರ್ಷ ಕಾಯಬೇಕೇ ಎಂಬುದು ಬಹಳ ಮನೆಗಳಲ್ಲಿ ಜಗಳವಾಗುವ ಪ್ರಶ್ನೆ. ಆ ವರ್ಷದಲ್ಲಿ ಅರ್ಜಿಯಲ್ಲಿ ನಿಜವಾಗಿ ಏನು ಬದಲಾಗುತ್ತದೆ ಎಂದು ಕಾಗದದ ಮೇಲೆ ಬರೆಯಿರಿ. ಎಂಕ್ಯಾಟ್‌ಗೆ ಸರಿಯಾಗಿ ಓದಲು ಆಗಿರಲಿಲ್ಲ, ಅಥವಾ ಅರ್ಜಿ ತಡವಾಗಿ ಹೋಗಿತ್ತು ಎಂಬಂಥ ಸರಿಪಡಿಸಬಹುದಾದ ಕಾರಣವಿದ್ದರೆ ಕಾಯುವುದರಲ್ಲಿ ಅರ್ಥವಿದೆ. ನೆಂಟರ ಮುಂದೆ ಎಂ.ಡಿ. ಎಂದು ಹೇಳಿಕೊಳ್ಳುವುದಕ್ಕಾಗಿ ಮಾತ್ರ ಸಿಕ್ಕ ಸೀಟು ಬಿಡುವುದಾದರೆ, ದಯವಿಟ್ಟು ಬಿಡಬೇಡಿ. ನಮ್ಮಮ್ಮ ಈಗ ಯಾರು ಕೇಳಿದರೂ, ಮೊಮ್ಮಗಳು ಡಾಕ್ಟರ್ ಓದುತ್ತಿದ್ದಾಳೆ ಎಂದಷ್ಟೇ ಹೇಳುತ್ತಾರೆ.