ಸಿಗಡಿ ಅಲರ್ಜನ್ ಪತ್ತೆ: ಸೆನ್ಸರ್ ಸುಳ್ಳು ಹೇಳದಂತೆ ಮಾಡುವುದು ಹೇಗೆ?

ಸಿಗಡಿ, ಏಡಿ ತಿಂದರೆ ಅಲರ್ಜಿಯಾಗಲು ಮುಖ್ಯ ಕಾರಣ ಟ್ರೋಪೊಮಯೋಸಿನ್ ಎಂಬ ಪ್ರೋಟೀನ್. ಬೇಯಿಸಿದರೂ ಅದರ ಕಾಟ ತಪ್ಪುವುದಿಲ್ಲ. ಆಹಾರದಲ್ಲಿ ಅದು ಇದೆಯೇ ಎಂದು ನೋಡುವ ಸೆನ್ಸರ್‌ನಲ್ಲಿ, ಎಲೆಕ್ಟ್ರೋಡ್ ಮೇಲೆ ಅದನ್ನು ಹಿಡಿದು ಕರೆಂಟ್ ಮೂಲಕ ಅಳೆಯಬಹುದು. ಫಲಿತಾಂಶ ಕೆಟ್ಟಾಗ ಎಲ್ಲರೂ ಮೊದಲು ಬೈಯುವುದು ಕರೆಂಟ್ ಅಳೆಯುವ ಯಂತ್ರವಾದ ಪೊಟೆನ್ಷಿಯೊಸ್ಟಾಟನ್ನು. ತಪ್ಪು ಸಾಮಾನ್ಯವಾಗಿ ತೊಳೆಯುವ ಕೈಯಲ್ಲಿರುತ್ತದೆ.

1. ಆಹಾರವನ್ನು ಪೂರ್ತಿ ರುಬ್ಬಿ, ಉಪ್ಪಿನ ಬಫರ್‌ನಲ್ಲಿ (ಆಮ್ಲ-ಕ್ಷಾರದ ಮಟ್ಟ ಏರುಪೇರಾಗದ ದ್ರಾವಣ) ಕಲಸಿ, ಸೆಂಟ್ರಿಫ್ಯೂಜ್ ಮಾಡಿ. ಮೇಲಿನ ಕೊಬ್ಬು ಬಿಟ್ಟು ನಡುವಿನ ತಿಳಿ ತೆಗೆಯಿರಿ.

2. ಸ್ಕ್ರೀನ್‌ ಪ್ರಿಂಟೆಡ್ ಸ್ಟ್ರಿಪ್‌ನ (ಎಲೆಕ್ಟ್ರೋಡ್‌ಗಳನ್ನು ಅಚ್ಚೊತ್ತಿದ ಪಟ್ಟಿ) ವರ್ಕಿಂಗ್ ಎಲೆಕ್ಟ್ರೋಡ್, ಅಂದರೆ ಅಳತೆ ನಡೆಯುವ ಎಲೆಕ್ಟ್ರೋಡ್ ಮೇಲೆ, ಟ್ರೋಪೊಮಯೋಸಿನ್ ಹಿಡಿಯುವ ಆಂಟಿಬಾಡಿಯ ಹನಿ ಹಾಕಿ, ತೇವವಿರುವ ಮುಚ್ಚಿದ ಡಬ್ಬಿಯಲ್ಲಿಟ್ಟು ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಹನಿ ಒಣಗಬಾರದು.

3. ಇನ್ನು ಬ್ಲಾಕಿಂಗ್, ಅಂದರೆ ಖಾಲಿ ಜಾಗ ಮುಚ್ಚುವುದು. ಹಾಳಾಗುವುದೆಲ್ಲ ಇಲ್ಲೇ. ಆಂಟಿಬಾಡಿ ಎಲೆಕ್ಟ್ರೋಡನ್ನು ಪೂರ್ತಿ ಮುಚ್ಚುವುದಿಲ್ಲ. ಉಳಿದ ಖಾಲಿ ಜಾಗಕ್ಕೆ ಯಾವ ಪ್ರೋಟೀನ್ ಬೇಕಾದರೂ ಅಂಟುತ್ತದೆ. ಮುಂದೆ ಹಾಕುವ, ಸಿಗ್ನಲ್ ಕೊಡುವ ಎರಡನೇ ಆಂಟಿಬಾಡಿಯೂ ಅಂಟುತ್ತದೆ. ಆಗ ಸಿಗಡಿಯೇ ಇಲ್ಲದ ಆಹಾರದಲ್ಲೂ ಸಿಗ್ನಲ್! ಹಾಗಾಗಿ ಶೇ 1ರ ಬಿಎಸ್‌ಎ (ದನದ ರಕ್ತದಿಂದ ತೆಗೆದ ಆಲ್ಬುಮಿನ್ ಪ್ರೋಟೀನ್) ದ್ರಾವಣ ಹಾಕಿ, ಕನಿಷ್ಠ ಅರ್ಧ ಗಂಟೆ ಬಿಡಿ. ಹತ್ತು ನಿಮಿಷಕ್ಕೇ ತೊಳೆದುಬಿಡುವ ಆತುರ ಬೇಡ. ಹಾಲಿನ ಪುಡಿ ಸಾಕು ಅನ್ನುವವರಿದ್ದಾರೆ. ಅಗ್ಗ, ನಿಜ. ಆದರೆ ಗಂಟು ಕಟ್ಟಿದರೆ ಎಲೆಕ್ಟ್ರೋಡ್ ಮೇಲೆ ಕಲೆ ಉಳಿಯುತ್ತದೆ. ನಾನಂತೂ ಮುಟ್ಟುವುದಿಲ್ಲ.

ಆಮೇಲೆ ತೊಳೆಯಿರಿ. ಶೇ 0.05 ಟ್ವೀನ್‌-20 (ಸೋಪಿನಂಥ ದ್ರವ) ಬೆರೆಸಿದ ಬಫರ್‌ನಲ್ಲಿ ಮೂರು ಸಲ, ಮೆಲ್ಲಗೆ. ಪಿಪೆಟ್ ತುದಿ ಎಲೆಕ್ಟ್ರೋಡ್‌ಗೆ ತಾಗಬಾರದು. ಟಿಶ್ಯೂ ಪೇಪರನ್ನು ಅಂಚಿಗೆ ಮಾತ್ರ ತಾಗಿಸಿ ನೀರು ಹೀರಿಸಿ. ಒರೆಸಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ.

4. ಆಹಾರದಿಂದ ತೆಗೆದ ತಿಳಿಯ, ಅಂದರೆ ಮಾದರಿಯ, ಹನಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ತೊಳೆಯಿರಿ. ಬಳಿಕ ಹಿಡಿದ ಟ್ರೋಪೊಮಯೋಸಿನ್‌ಗೆ ಅಂಟುವ, ಎಂಜೈಮ್ ಕೂಡಿಸಿದ ಎರಡನೇ ಆಂಟಿಬಾಡಿ, ಮತ್ತೆ ತೊಳೆತ. ಎಂಜೈಮ್ ಆಲ್ಕಲೈನ್ ಫಾಸ್ಫಟೇಸ್ ಆಗಿದ್ದರೆ ಕೊನೆಯ ತೊಳೆತಕ್ಕೆ ಟ್ರಿಸ್ ಬಫರ್ ಬಳಸಿ. ಹಿಂದಿನ ಬಫರ್‌ನ ಫಾಸ್ಫೇಟ್ ಉಳಿದರೆ ಅದು ಎಂಜೈಮನ್ನೇ ತಡೆಯುತ್ತದೆ. ಎಚ್‌ಆರ್‌ಪಿ (ಹಾರ್ಸ್‌ರ‍್ಯಾಡಿಶ್ ಪೆರಾಕ್ಸಿಡೇಸ್ ಎಂಬ ಎಂಜೈಮ್) ಆಗಿದ್ದರೆ ಅಜೈಡ್ (ಬಫರ್ ಕೆಡದಂತೆ ಬೆರೆಸುವ ರಾಸಾಯನಿಕ) ಬೆರೆತ ಬಫರ್ ಬೇಡವೇ ಬೇಡ, ಅದೂ ಎಂಜೈಮನ್ನು ತಡೆಯುತ್ತದೆ.

5. ಸಬ್‌ಸ್ಟ್ರೇಟ್ (ಎಂಜೈಮ್ ಬದಲಿಸುವ ರಾಸಾಯನಿಕ) ಹಾಕಿ, ಅದರಿಂದ ಹುಟ್ಟುವ ಕರೆಂಟ್ ಅಳೆಯಿರಿ.

ಈ ಅಂಕಿಯನ್ನು ಹಾಗೇ ನಂಬುವುದಕ್ಕಾಗಲ್ಲ. ಸಿಗಡಿ ಹಾಕದ ಅದೇ ಆಹಾರದ್ದೂ ಒಂದು ಸ್ಟ್ರಿಪ್ ಇರಲಿ. ಅದಕ್ಕೇ ಗೊತ್ತಿರುವಷ್ಟು ಟ್ರೋಪೊಮಯೋಸಿನ್ ಸೇರಿಸಿ ಇನ್ನೊಂದು. ಸೇರಿಸಿದ್ದು ಪೂರ್ತಿ ಕಾಣದಿದ್ದರೆ ಸಾಸ್ ಅಥವಾ ಎಣ್ಣೆ ಅಡ್ಡ ಬಂದಿದೆ ಎಂದರ್ಥ. ಮಾದರಿಯನ್ನು ಬಫರ್‌ನಲ್ಲಿ ತೆಳು ಮಾಡಿ ಮತ್ತೆ ಅಳೆಯಿರಿ. ಅಲರ್ಜನ್ ತೀರಾ ಜಾಸ್ತಿ ಇದ್ದಾಗಲೂ ಸಿಗ್ನಲ್ ಬಿದ್ದುಹೋಗುವುದುಂಟು. ಹಾಗಿದ್ದರೆ ತೆಳು ಮಾಡಿದ ಮಾದರಿಯಲ್ಲಿ ಅದು ಏರುತ್ತದೆ. ಜಿರಳೆ, ದೂಳಿನ ಹುಳುಗಳಲ್ಲೂ ಇದನ್ನೇ ಹೋಲುವ ಪ್ರೋಟೀನ್ ಇದೆ. ಆಂಟಿಬಾಡಿ ಕೊಳ್ಳುವಾಗಲೇ ಅದಕ್ಕೂ ಅಂಟುತ್ತದೆಯೇ ಎಂದು ಕೇಳಿ.